ಫೈರಿಂಗ್

ಸ್ಟೋಕ್ ಊರಿನ ಲಾಂಗ್ಟನ್ನಿನಲ್ಲಿ ಈಗಲೂ ನಿಂತಿವೆ
ಹೊಟ್ಟೆಯುಬ್ಬಿದ ಸೀಸೆಗಳಂಥ ಇಟ್ಟಿಗೆಯ ಆವಿಗೆಗಳು.
ಹೊಗೆ ನಿಂತು ಅರುವತ್ತು ವರ್ಷ.
ಒಂದರ ಕುತ್ತಿಗೆಯೊಳಗೆ ಪಾರಿವಾಳ ಮೊಟ್ಟೆಯಿಟ್ಟಿದೆ.

ಮ್ಯಾವಿಸ್ ಕೋಲ್ಕ್ಲಿಯ ಅಜ್ಜ ಅಲ್ಲಿ ಫೈರ್‌ಮನ್.
ಆರಿಸುವವನಲ್ಲ, ಹೊತ್ತಿಸುವವನು;
ಮೂರು ರಾತ್ರಿ ನಿದ್ದೆಗೆಟ್ಟು
ಉರಿಯ ಬಣ್ಣ ನೋಡಿಯೇ ಹೇಳುತ್ತಿದ್ದ:
ಇನ್ನೊಂದು ಗಳಿಗೆ. ಹ್ಞಾಂ, ಸಾಕು.
ಅವನಿಗೆ ರೆಪ್ಪೆಗೂದಲು ಇರಲಿಲ್ಲ, ಅದು
ಅವಳ ಮೊದಲ ನೆನಪು.

ಮೊದಲ ಫೈರಿಂಗಿಗೆ ಬಿಸ್ಕತ್ತು ಎಂದು ಹೆಸರು.
ತಿನ್ನುವುದಲ್ಲ. ನಾಲಿಗೆ ತಾಗಿಸಿದರೆ ಹಿಡಿದುಕೊಳ್ಳುತ್ತದೆ,
ಅಷ್ಟು ಬಾಯಾರಿದ ಮಣ್ಣು.
ಎರಡನೆಯದರಲ್ಲಿ ಹೊಳಪು.
ಹೊಳಪಿನ ಮೇಲೆ ಹೂ ಬರೆದರೆ ಮೂರನೆಯದೂ ಬೇಕು.
ಮ್ಯಾವಿಸ್ ಹೂ ಬರೆಯುವವಳು, ಮೂವತ್ತೊಂದು ವರ್ಷ,
ಕಪ್ಪಿನ ಕಿವಿಯ ಪಕ್ಕ ಅದೇ ಐದೆಸಳು.

ಚಿಕ್ಕಪ್ಪ ಕ್ಲೆಮೆಂಟ್ ಏಡನ್ನಿನ ದಂಡಿನಿಂದ ಕಾಗದ ಬರೆದಿದ್ದ:
ರಾತ್ರಿಯಿಡೀ ಫೈರಿಂಗ್, ಅಮ್ಮಾ.
ಅಜ್ಜಿ ಕನ್ನಡಕ ತೆಗೆದು ಕೇಳಿದಳಂತೆ,
'ಅಲ್ಲೇನು ಮಾಡ್ತಾರೆ, ತಟ್ಟೆಯೋ ಹೂಜಿಯೋ?'
ಯಾರೂ ನಗಲಿಲ್ಲ.

ನಮ್ಮಲ್ಲಿ ಮಡಕೆ ಬೇಯುತ್ತದೆ, ಗುಂಡು ಹಾರುತ್ತದೆ,
ಕೆಲಸ ಹೋಗುತ್ತದೆ.
ಒಂದೊಂದನ್ನೂ ಬೇರೆ ಬೇರೆ ಒಲೆಯ ಮೇಲಿಟ್ಟಿದ್ದೇವೆ.
ಅವರದು ಒಂದೇ ಕಡ್ಡಿ.
ಗೀರಿದರೆ ಯಾವುದು ಹೊತ್ತುತ್ತದೋ.

ಕೆಲಸ ಹೋದರೆ ಚೀಲ ಸಿಕ್ಕಿತು ಎನ್ನುವ ಊರು ಅದು.
ಫೈರ್ ಮಾಡುವುದು ಟೀವಿಯೊಳಗಿನ ದೊಡ್ಡ ಮೇಜಿನವರು.
ಹೊಸ ಮ್ಯಾನೇಜರು, ಮೀಸೆ ಇನ್ನೂ ಸರಿಯಾಗಿ ಬಾರದವನು,
ಎರಡೂ ಪದ ಬಿಟ್ಟ. ಹಾಳೆ ನೋಡಿ ಓದಿದ:
'ನಿಮ್ಮನ್ನು ಹೋಗಲು ಬಿಡುತ್ತಿದ್ದೇವೆ.'

ಬಿಡಲು ಅವಳೇನು ಗೂಟಕ್ಕೆ ಕಟ್ಟಿದ ಕರುವೆ?

'ಫೈರ್ ಅಂತಲೇ ಹೇಳು ಮಗಾ,' ಎಂದಳು,
'ನಮ್ಮ ಮನೆಯಲ್ಲಿ ಅದು ಕೆಟ್ಟ ಮಾತಲ್ಲ.
ಒಮ್ಮೆ ಬೆಂದದ್ದು ಒಡೆದರೆ ಚೂರಾಗುತ್ತದೆ,
ತಿರುಗಿ ಕೆಸರಾಗುವುದಿಲ್ಲ.'
ಅವನು ಇನ್ನೊಂದು ಹಾಳೆ ಹುಡುಕಿದ.
ಅದಕ್ಕೆ ಉತ್ತರ ಬರೆದಿರಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ;
ಇಲ್ಲಿ ದೊಣ್ಣೆಯೂ ಇರಲಿಲ್ಲ, ಬರೀ ಕಾಗದ.

ಕೈಚೀಲದಲ್ಲಿ ಒಂದು ಕಪ್ಪು ತಂದಳು, ಕದ್ದೇ ತಂದಳು,
ಮೂರನೆಯ ಬೆಂಕಿ ಕಾಣದ್ದು.
ಬಸ್ಸಿನಲ್ಲಿ ಸವರಿದಳು, ಒಂದೆಸಳು
ಹೆಬ್ಬೆರಳಿಗೆ ಬಂತು.
ಸಂಜೆ ಅದರಲ್ಲೇ ಟೀ ಕುಡಿದು
ತೊಳೆಯದೆ ಇಟ್ಟಳು.