ಇಲ್ಲ ಅಂದಮೇಲೆ

ರೂಮು ಖಾಲಿ ಇತ್ತು. ಗೇಟಿಗೆ ಬೋರ್ಡೂ ತೂಗುತ್ತಿತ್ತು.
ಆದರೂ ಇಲ್ಲ ಅಂದೆ.
ಬೀದಿಯಲ್ಲಿ ಎಲ್ಲರೂ ಅಂದದ್ದನ್ನೇ ನಾನೂ ಅಂದೆ,
ಅಕ್ಕಿ ಆರಿಸುತ್ತಿದ್ದ ಮೊರದಿಂದ ಕಣ್ಣೆತ್ತದೆ.

ಹೋಗಲಿಲ್ಲ ಹುಡುಗಿ.
ಎರಡು ಸೂಟ್‌ಕೇಸು, ಒಂದರ ಚಕ್ರ ಮುರಿದಿದೆ,
ನೂರು ಸಣ್ಣ ಜಡೆ, ತುದಿಗೊಂದೊಂದು ಮಣಿ,
ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು
ತಕ್ಕಡಿಯ ಮುಳ್ಳು ನಿಲ್ಲಲಿ ಅಂತ ಕಾಯುವ ಹಾಗೆ.

ಬಿಸಿಲು ಕಾಂಪೌಂಡಿನಿಂದ ಇಳಿದು ಅವಳ ಚಪ್ಪಲಿ ಮುಟ್ಟಿತು.
ಮೊರದಲ್ಲಿ ಕಲ್ಲು ಮುಗಿದವು.
ಇನ್ನೇನು ಮಾಡಲಿ, ನೀರು ಬೇಕಾ ಅಂದೆ.
ನೀರು ಕೊಟ್ಟಮೇಲೆ ಬೀಗದ ಕೈ ಎಷ್ಟು ದೂರ?

ನ್ಯಾಮಿಝಿ ಮಸಂಜಾ. ಊರು ಮ್ವಾಂಝಾ.
ಅಲ್ಲೊಂದು ಕೆರೆ, ಆಚೆ ದಡ ಕಾಣುವುದಿಲ್ಲವಂತೆ.
ಓದಲು ಬಂದದ್ದು ಔಷಧಿ ಮಾಡುವ ಓದು.
ನಮ್ಮಿಬ್ಬರ ನಡುವೆ ಮೊಮ್ಮಗಳು ಮೋನಿಷಾ,
ಇಂಗ್ಲಿಷ್ ಮೀಡಿಯಂ, ಆರನೇ ಕ್ಲಾಸು.
ಪೊಲೀಸರಿಗೆ ಕೊಡುವ ಸಿ ಫಾರಂ ತುಂಬುವಾಗ
ಜೆರಾಕ್ಸ್ ಅಂಗಡಿ ಬಾಬ್‌ಜಾನ್ ಒಂದೊಂದೇ ಅಕ್ಷರ ಕೇಳಿ ಬೆವತ.
ಮನೆ ಮಾಲೀಕರು: ಪಿಳ್ಳಮ್ಮ.
ಅದನ್ನು ಹೇಳಹೋದ ಹುಡುಗಿಗೆ
ಳ ಒಂದು ಕಡೆ, ನಾಲಿಗೆ ಒಂದು ಕಡೆ.
ನನಗೆ ನ್ಯಾಮಿ ಅಷ್ಟೇ ಸಾಕು.
ಮಿಕ್ಕದ್ದು ಅವಳೇ ಇಟ್ಟುಕೊಳ್ಳಲಿ.

ಮೊದಲ ದಿನ ಶಿವಾಜಿನಗರ ಅಂತ ಹೊರಟವಳು
ಯಾವುದೋ ಬಸ್ಸು ಹತ್ತಿ ಹೆಬ್ಬಾಳದಲ್ಲಿ ಇಳಿದು
ಸೇತುವೆ ಕೆಳಗೆ ಒಂದು ಗಂಟೆ ನಿಂತು
ರಸ್ತೆ ದಾಟಲಾರದೆ ವಾಪಸ್ಸು ಬಂದಳು.
ನಗಬೇಡಿ. ಕೊತ್ತನೂರು ದ್ರಾಕ್ಷಿ ತೋಟವಾಗಿದ್ದಾಗ
ಇಲ್ಲೇ ಹುಟ್ಟಿದವಳು ನಾನು.
ನನಗೂ ಆ ಸೇತುವೆ ಇನ್ನೂ ಬಗೆಹರಿದಿಲ್ಲ.

ಎರಡನೇ ದಿನ ಕಂಡಕ್ಟರು ಬಾಗಿಲಲ್ಲಿ ನಿಂತು
ಬಾ ಬಾ, ಒಳಗೆ ಬಾ ಅಂದನಂತೆ.
ಅವರಲ್ಲಿ ಬಾಬಾ ಅಂದರೆ ಅಪ್ಪ.
ಇವನು ಯಾರಪ್ಪನನ್ನು ಕರೀತಿದಾನೆ ಅಂತ
ತಿರುಗಿ ನೋಡಿದಳಂತೆ, ನಿಜವಾಗಿ,
ಗಾರ್ಮೆಂಟ್ಸ್ ಹೆಂಗಸರ ಟಿಫನ್ ಡಬ್ಬಿಗಳ ನಡುವೆ.
ಅದನ್ನು ಹೇಳಿ ನಕ್ಕಳು.
ಆಮೇಲೆ ಮೇಲೆ ಹೋಗಿ ತುಂಬ ಹೊತ್ತು ನಲ್ಲಿ ಬಿಟ್ಟಿದ್ದಳು.
ಟ್ಯಾಂಕು ಖಾಲಿಯಾಗುತ್ತೆ ಅಂತ ಕೂಗಬೇಕಿತ್ತು.
ಕೂಗಲಿಲ್ಲ.

ಆಮೇಲೊಂದು ದಿನ ತಳ್ಳುಗಾಡಿಯಲ್ಲಿ ಮರಗೆಣಸು ಕಂಡು
ಮುಹೋಗೋ! ಅಂತ ಕುಣಿದಳು ನಡುಬೀದಿಯಲ್ಲಿ.
ಗಾಡಿಯವನು ಹೆದರಿ ಕಾಲು ಕೇಜಿ ಜಾಸ್ತಿ ಹಾಕಿದ.
ಮುಸುಕಿನ ಜೋಳದ ಹಿಟ್ಟು ತಂದು ಮುದ್ದೆ ತಿರುವಿದಳು, ಬೆಳ್ಳಗೆ.
ಹೆಬ್ಬೆರಳಲ್ಲಿ ಗುಳಿ ಒತ್ತಿ ಗುಳಿಗೆ ಸಾರು ತುಂಬಿ
ನಿಧಾನ ಅಗಿಯುತ್ತಾಳೆ!
ಅಗಿದರೆ ನಮ್ಮತ್ತೆ ಸೌಟಲ್ಲಿ ಹೊಡೀತಿದ್ದಳು ಅಂತ
ನಾನು ನುಂಗಿ ತೋರಿಸಿದೆ. ಕೆಮ್ಮು ಬಂತು.
ಬೆನ್ನು ಸವರಿದವಳು ಅವಳೇ.

ಎದುರು ಮನೆಯವರು ಕೇಳಿದರು: ಭಯ ಆಗಲ್ವಾ ನಿಮಗೆ?
ಆಗುತ್ತೆ ಅಂದೆ.
ಗ್ಯಾಸು ಆರಿಸೋದು ಮರೀತಾಳೆ.

ಮೊನ್ನೆ ಕರೆಂಟು ಹೋಗಿ ಮೂವರೂ ಮೆಟ್ಟಿಲ ಮೇಲೆ ಕೂತಾಗ
ಮೋನಿಷಾ ಕೈಲಿ ಕೇಳಿಸಿದೆ,
ಅವತ್ತು ಯಾಕೆ ಹೋಗಲಿಲ್ಲ ನೀನು?
ಅವರ ಮಾತಿನಲ್ಲಿ ಇಲಾ ಅಂದರೆ
ಆದರೆ
ಅಂತ ಅರ್ಥವಂತೆ.
ಹನ್ನೊಂದು ಗೇಟುಗಳಲ್ಲಿ ಹನ್ನೊಂದು ಜನ
ಆದರೆ ಅಂದು ಬಾಗಿಲು ಹಾಕಿಕೊಂಡರಂತೆ.
ನೀನು ಹಾಕಲಿಲ್ಲ ಅಜ್ಜಿ,
ಮಾತು ಇನ್ನೂ ಉಳಿದಿದೆ ಅಂದುಕೊಂಡೆ.

ಹಾಕಲಿಲ್ಲ, ನಿಜ. ಗೇಟಿನ ಚಿಲಕ ಕೆಟ್ಟಿತ್ತು.
ಅದನ್ನು ಮೋನಿಷಾಗೂ ಹೇಳಲಿಲ್ಲ ನಾನು.

ನಿನ್ನೆ ಮತ್ತೊಬ್ಬ ಬಂದಿದ್ದ, ಯಾವ ದೇಶದವನೋ,
ಬೆನ್ನ ಮೇಲೆ ಅವನಷ್ಟೇ ದೊಡ್ಡ ಬ್ಯಾಗು.
ಈಗ ರೂಮು ಇಲ್ಲ. ನಿಜವಾಗಿ ಇಲ್ಲ.
ಇಲ್ಲ ಅಂದೆ.
ಅಂದವಳು, ನೋಡಿ,
ನಾನೇ ನಿಂತುಬಿಟ್ಟೆ ಗೇಟು ಹಿಡಿದುಕೊಂಡು.