ಎಷ್ಟು ಹೊತ್ತು ಅಂತ ಬರೆದಿಲ್ಲ

ಹಗಲೆಲ್ಲ ನಾನು ಓದುವುದು ಅಂಕಿ.
ವಿನೋಬನಗರ, ಮೂರನೇ ಅಡ್ಡರಸ್ತೆ, ಹಸಿರು ಗೇಟು,
ನಾಯಿ ಕಟ್ಟಿದ್ದೀರಾ ಎಂದು ಕೂಗಿ
ಮೀಟರಿಗೆ ಕಣ್ಣು ಹಚ್ಚಿ
ನಾಲ್ಕು ಸಾವಿರದ ಇನ್ನೂರ ಹನ್ನೊಂದು.
ಸೊಂಟದ ಯಂತ್ರ ಚೀಟಿ ಕಕ್ಕುತ್ತದೆ.
ಚೀಟಿ ಇಸಕೊಂಡು ನಕ್ಕವರನ್ನು ನಾನು ಕಂಡಿಲ್ಲ.

ರಾತ್ರಿ ಓದುವುದೂ ಅಂಕಿಯೇ.
ದುರ್ಗಿಗುಡಿಯಲ್ಲಿ ಪುಟಕ್ಕೆ ಎರಡು ರೂಪಾಯಿ ಕೊಟ್ಟು
ಪ್ರಿಂಟು ತೆಗೆಸಿದ ಹಾಳೆ.
ನಾಲ್ಕು ಗೆರೆ, ಗೆರೆಯ ಮೇಲೆ ಕಾಗೆ ಕೂತ ಹಾಗೆ
ಮೂರು, ಮೂರು, ಐದು, ಸೊನ್ನೆ.
ಸರಿಗಮ ಬೇಡ, ಗುರುದಕ್ಷಿಣೆ ಬೇಡ,
ಬೆರಳಿಗೆ ವಿಳಾಸ ಅಷ್ಟೇ:
ಯಾವ ತಂತಿ, ಎಷ್ಟನೇ ಮನೆ.

ಮನೆ ಅನ್ನುವುದು ನನ್ನ ಮಾತು.
ಚೌಕಾಬಾರ ಆಡಿ ಬೆಳೆದವನಿಗೆ
ಎರಡು ಸರಳಿನ ನಡುವಿನ ಸಂದೆಲ್ಲ ಮನೆಯೇ.

ಬೇಸ್ ಗಿಟಾರು,
ಆರ್ಕೆಸ್ಟ್ರಾ ಬಿಟ್ಟು ಕೋಳಿ ಅಂಗಡಿ ಇಟ್ಟವನಿಂದ ಕೊಂಡದ್ದು.
ಮೊದಲ ವಾರ ಹಾಳೆಯನ್ನೇ ತಲೆಕೆಳಗೆ ಓದಿದೆ.
ಎದೆಗೆ ಒತ್ತಿಕೊಂಡಾಗ ಗದ್ದಕ್ಕೆ ಹತ್ತಿರದ ದಪ್ಪ ತಂತಿ
ಹಾಳೆಯಲ್ಲಿ ಎಲ್ಲಕ್ಕಿಂತ ಕೆಳಗೆ.
ಕಂಬದಲ್ಲಾದರೆ ನನಗೆ ಗೊತ್ತು,
ಮೂರು ಫೇಸು, ಒಂದು ನ್ಯೂಟ್ರಲ್,
ತಪ್ಪು ಮುಟ್ಟಿದರೆ ತಂತಿಯೇ ತಿದ್ದುತ್ತದೆ.
ಇಲ್ಲಿ ತಪ್ಪು ಮುಟ್ಟಿದರೆ
ಕೆಳಮನೆಯ ಸಿಸಿಲಿಯಮ್ಮನ ಸ್ಟ್ಯಾಂಡಿನಲ್ಲಿ ಲೋಟ ನಡುಗುತ್ತದೆ.
ಸರಿ ಮುಟ್ಟಿದರೂ ನಡುಗುತ್ತದೆ.

ಹಾಡು ಯಾವುದೋ ದೇಶದ್ದು.
ಒಂದು ಬ್ಯಾಂಜೊ, ಗಂಟಲು ಹರಿದುಕೊಂಡ ಒಬ್ಬ,
ಬಾಡಿಗೆ ಕೇಳಲು ಬಂದವನಿಗೆ ಮೂರು ನಿಮಿಷ ಬೈಗುಳ.
ಜಾನಪದವೂ ಹೌದಂತೆ, ಪಂಕೂ ಹೌದಂತೆ.
ಡೊಳ್ಳಿನ ಗುತ್ಯಪ್ಪನಿಗೆ ಕೇಳಿಸಿದೆ.
"ಇದಕ್ಕೊಂದು ಹೆಸರು ಬೇರೆ ಬೇಕಾ?
ಅಂಟಿಗೆ-ಪಂಟಿಗೆಗೆ ಹೋದಾಗ
ಎಣ್ಣೆ ಹಾಕದ ಮನೆ ಎದುರು
ನಮ್ಮಪ್ಪನೂ ಹಿಂಗೇ ಕೂಗ್ತಿದ್ದ."
ಆಮೇಲೆ ಹಾಳೆ ನೋಡಿ ನಕ್ಕ.
"ಎಲ್ಲಿಗೆ ಹೋಗು ಅಂತ ಬರ್ದಿದೆ.
ಎಷ್ಟು ಹೊತ್ತು ಕೂರು ಅಂತ ಬರ್ದೇ ಇಲ್ವಲ್ಲೋ.
ಹೋದ ಮನೆಯಿಂದ ಯಾವಾಗ ಏಳಬೇಕು,
ಅದೇ ತಾಳ."
ಮೊಣಕಾಲ ಮೇಲೆ ಬಡಿದು ತೋರಿಸಿದ.
ನಾನು ಮೂರನೇ ಮನೆಯಲ್ಲಿ
ಕಾಫಿಗೆ ಕಾದವನಂತೆ ಕೂತೇ ಇದ್ದೆ.

ಆ ಗುರುವಾರ ಪಟ್ಟಿಯಲ್ಲಿ ಹನ್ನೊಂದು ಮನೆ,
ಬಾಕಿಯವು, ಕತ್ತರಿಸಬೇಕಾದವು.
ಏಳನೆಯದು ಟ್ಯಾಂಕ್ ಮೊಹಲ್ಲಾ. ಸಾವಿರದ ನೂರ ನಲವತ್ತು ರೂಪಾಯಿ.
ಬಿಲ್ಲಿನಲ್ಲಿ ಗಂಡನ ಹೆಸರು, ಮನೆಯಲ್ಲಿ ಗಂಡ ಇಲ್ಲ.
ಸ್ಟೂಲು ಕೇಳಿದೆ. ಕೊಟ್ಟಳು, ಬಲ್ಬು ಹಾಕಲು ಬಂದವನೆಂದು.
ಅವಳದೇ ಸ್ಟೂಲಿನ ಮೇಲೆ ನಿಂತು
ಫ್ಯೂಸು ಕಿತ್ತೆ.
ಒಳಗೆ ಮೋಟರಿನ ಹೊಲಿಗೆ ಮೆಷೀನು
ಅರ್ಧ ತೋಳಿಗೆ ನಿಂತಿತು.

ಆಗ ಅವಳು ಬಯ್ದಳು.
ನಾಲ್ಕು ಮಾತು, ಒಂದು ಉಸಿರು,
ಮತ್ತೆ ನಾಲ್ಕು, ಕೊನೆಯದನ್ನು ಎಳೆದು,
ಎಳೆದದ್ದನ್ನು ಕತ್ತರಿಸಿ.
ಆರು ವಾರ ಹಾಳೆಯಲ್ಲಿ ಹುಡುಕಿದ ಹೊತ್ತು
ಪೂರಾ ಅವಳ ಬಾಯಲ್ಲಿತ್ತು.
ನಾಚಿಕೆಗೇಡು ಏನೆಂದರೆ
ಸ್ಟೂಲಿನ ಮೇಲೆ ನನ್ನ ಕಾಲು
ತಾಳ ಹಾಕುತ್ತಿತ್ತು.

ಎಂಟನೇ ಮನೆಗೆ ಹೋಗಲಿಲ್ಲ ಎಂದು
ಇಲ್ಲಿ ಬರೆಯಬಹುದು. ಹೋದೆ.
ಹನ್ನೊಂದೂ ಮುಗಿಸಿದೆ.

ರಾತ್ರಿ ಆಂಪ್ ಹಚ್ಚಲಿಲ್ಲ.
ಆಂಪ್ ಇಲ್ಲದ ಬೇಸ್ ಬರೀ ಕಟ್ಟಿಗೆ,
ಅಂಚಿಗೆ ಗದ್ದ ಊರಿದರೆ ದವಡೆಗಷ್ಟೇ ಕೇಳುತ್ತದೆ.
ಮೂರು, ಮೂರು, ಐದು.
ಯಾವಾಗ ಏಳಬೇಕೆಂದು ಬೆರಳಿಗೆ ಗೊತ್ತಿತ್ತು,
ಯಾರ ದನಿಯಲ್ಲಿ ಎಂದೂ.
ಆಮೇಲೆ ಸೊನ್ನೆ,
ಯಾವ ಮನೆಯನ್ನೂ ಒತ್ತದೆ
ತಂತಿಯನ್ನು ಅದರ ಪಾಡಿಗೆ ಬಿಡುವುದು.
ಅದು ಬೇಗ ನಿಲ್ಲುವುದಿಲ್ಲ.

ಕೆಳಗಿನಿಂದ ಸಿಸಿಲಿಯಮ್ಮ ಕೂಗಿದರು:
"ಏನೋ ಇವತ್ತು, ಲೋಟನೇ ಅಲ್ಲಾಡ್ತಿಲ್ಲ?
ಕರೆಂಟು ಹೋಯ್ತಾ?"