ಹಿಂದೆ ಕೂತವರಿಗೆ ಕೇಳುವುದು

ಮೊದಲು ನಾನದನ್ನು ಕಡಲೆಕಾಯಿ ಅಂದುಕೊಂಡೆ.
ಟೂಲ್‌ಬಾಕ್ಸಿನಲ್ಲಿ ಯಾವತ್ತೋ ಉಳಿದ ನಾಲ್ಕು ಕಾಯಿ
ಕುಣಿಯುತ್ತಿವೆ ಅಂತ.
ತೆಗೆದು ನೋಡಿದರೆ ಒಂದು ಪ್ಲಗ್ಗು, ಒಂದು ಚಿಂದಿ,
ಯಾರದೋ ಮದುವೆಗೆ ಕರೆದ, ನಾವು ಹೋಗದ ಲಗ್ನಪತ್ರಿಕೆ.
ಶಬ್ದ ಅಲ್ಲಿರಲಿಲ್ಲ.

ಬಸ್‌ಸ್ಟ್ಯಾಂಡಿನ ಹುಡುಗ ಚೈನು ಅಂದ, ಬಿಗಿದ.
ಕೋಟೆ ಸರ್ಕಲ್ಲಿನವನು ಪಿಸ್ಟನ್ನೇ ಹೋಗಿದೆ,
ಬೋರು ಮಾಡಿಸಬೇಕು ಅಂದ,
ರೇಟು ಹೇಳುವಾಗ ಆಕಾಶ ನೋಡಿದ.
ಇನ್ನೊಬ್ಬ, ಯೆಜ್ಡಿ ಕಂಡದ್ದೇ ಅವತ್ತು,
ಒಂದು ಇಂಜಿನ್ನಿಗೆ ಎರಡು ಸೈಲೆನ್ಸರ್ ಯಾಕಣ್ಣ ಅಂತ ಕೇಳಿ
ಒಂದರ ಕ್ಲಾಂಪು ತಿರುವಿ ಐವತ್ತು ರೂಪಾಯಿ ತಗೊಂಡ.
ಶಬ್ದ ಐವತ್ತಕ್ಕೆ ಜಗ್ಗಲಿಲ್ಲ.

ಕಡೆಗೆ ಪ್ಯಾರೇಜಾನ್.
ಅವನಿಗೆ ಕಿವಿ ಕೇಳಿಸದು.
ಎಡಗಿವಿ ಅಂಬಾಸಡರು ತಿಂತು, ಬಲಗಿವಿ ಡೀಸೆಲ್ ಪಂಪ್‌ಸೆಟ್ಟು
ಅನ್ನುತ್ತಾನೆ, ಊಟದ ಲೆಕ್ಕ ಹೇಳಿದ ಹಾಗೆ.
ಮೊಳದುದ್ದ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೊತ್ತಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ಕಣ್ಣು ಮುಚ್ಚಿದ.
ಕ್ಲಚ್ ಹಿಡಿ ಅಂದ. ಬಿಡು ಅಂದ.
ಫಿನ್ನುಗಳ ಸಂದಿಗೆ ಬೆರಳಿಟ್ಟ, ಸುಟ್ಟುಕೊಂಡ, ಮತ್ತೆ ಇಟ್ಟ.
ಗಾಡಿಯೋ, ಇನ್‌ಸ್ಪೆಕ್ಟರು ಬಂದ ದಿನ
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ
ಒಂದೂ ತಪ್ಪದೆ ಓಡಿತು.

"ಯಾವಾಗ ಬರ್ತದೆ?"
ಮೂರನೇ ಗೇರು. ದಿಬ್ಬೂರಹಳ್ಳಿ ರಸ್ತೆಯ ಏರು.
"ಒಬ್ಬನೇ ಇದ್ದಾಗ?"
ಯೋಚಿಸಿದೆ.
ಒಬ್ಬನೇ ಇದ್ದಾಗ ಬಂದದ್ದೇ ಇಲ್ಲ.
"ಹಂಗಾದ್ರೆ ಹಿಂದೆ ಕೂತವರನ್ನ ಕರ್ಕೊಂಡು ಬಾ."

ಮುನಿರತ್ನಮ್ಮ ಬಿಚ್ಚಾಣಿಕೆ ಮನೆಯಿಂದ ನೇರ ಬಂದಳು,
ಬೆರಳ ತುದಿ ಬೆಳ್ಳಗೆ ನೆನೆದು, ಸೀರೆಗೆಲ್ಲ ಹುಳದ ವಾಸನೆ.
ಇಪ್ಪತ್ತಾರು ವರ್ಷ ಬಿಸಿನೀರ ತೊಟ್ಟಿಯ ಮುಂದೆ ನಿಂತವಳು.
ಎಂಟು ಗೂಡಿನ ಎಳೆ ಒಂದಾಗಿ ಓಡುವಾಗ
ಒಂದು ತುಂಡಾದರೆ ನೋಡದೆ ತಿಳಿಯುತ್ತದೆ ಅವಳಿಗೆ.
ರಾಟೆಯ ಯಾವ ಬುಶ್ಶು ಎಣ್ಣೆ ಬೇಡುತ್ತಿದೆ ಅಂತ
ಬೀದಿಯ ತಿರುವಿನಲ್ಲೇ ಹೇಳುತ್ತಾಳೆ.
ನಾನು ಎಲ್ಲಿಗೆ ಹೋಗಿ ಬಂದೆ ಅನ್ನುವುದನ್ನೂ.

ಪ್ಯಾರೇಜಾನ್ ಒದ್ದ ಲಿವರನ್ನೇ ಮಡಿಸಿ ಗೇರು ಮಾಡಿದ.
ಅವಳು ಹಿಂದೆ ಕೂತಳು.
ಅಂಗಡಿ ನೋಡ್ಕೋ ಅಂತ ನನ್ನನ್ನು ಬಿಟ್ಟರು,
ಒಂದು ಪಂಕ್ಚರಾದ ಲೂನಾ ಜೊತೆ.

ಬಂದವರು ನನ್ನ ಕಡೆ ನೋಡಲೂ ಇಲ್ಲ.
"ಟಕ್ ಟಕ್ ಅಲ್ಲ," ಅಂದಳು, ತುಟಿ ಕಾಣುವಂತೆ ತಿರುಗಿ ನಿಂತು,
"ಒಣಗಿದ ಅವರೆಕಾಯಿ ಅಲ್ಲಾಡಿಸಿದ ಹಂಗೆ.
ಎಳೆದರೆ ಬರುತ್ತೆ, ಬಿಟ್ಟರೆ ನಿಲ್ಲುತ್ತೆ.
ಚಕ್ರದ ಲೆಕ್ಕಕ್ಕಲ್ಲ, ಇಂಜಿನ್ನಿನ ಲೆಕ್ಕಕ್ಕೆ.
ಮೇಲುಗಡೆ."
ಅವನು ಮಂಡಿ ಮುಟ್ಟಿ ತೋರಿಸಿದ:
ನನಗೂ ಇಲ್ಲಿಗೆ ಬಂತು.
ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು.

ಆರ್‌ಸಿಯಲ್ಲಿ ನನ್ನ ಹೆಸರಿದೆ.
ಹೇಳೋಣವೆಂದುಕೊಂಡೆ.

ಸಂಜೆ ಬ್ಲಾಕು ಬಿಚ್ಚಿದ.
ಗಜನ್ ಪಿನ್ನಿನ ಬುಶ್ಶು, ಒಂದು ಹಿತ್ತಾಳೆ ಬಣ್ಣದ ಬಳೆ,
ಒಂದು ಮಗ್ಗುಲು ಕಾಲುಂಗುರದ ಹಾಗೆ ಸವೆದಿತ್ತು.
ಪಿನ್ನನ್ನು ಅದರೊಳಗೆ ಅಲ್ಲಾಡಿಸಿ ಕೊಟ್ಟ, ಅವಳ ಕೈಗೆ.
ಅವಳು ಸೆರಗಿಗಂಟಿದ್ದ ಒಂದು ನೂಲು ಕಿತ್ತು
ಸಂದಿಗೆ ತೂರಿಸಿದಳು. ಮಡಿಸಿ ತೂರಿಸಿದಳು. ಮತ್ತೆ ಮಡಿಸಿದಳು.
"ನಾಲ್ಕೆಳೆ ಹಿಡೀತದೆ. ಇಷ್ಟಕ್ಕೆ
ಇಡೀ ರಸ್ತೆಗೆ ಕೇಳೋ ಹಂಗೆ ಕೂಗ್ತಿತ್ತು ನೋಡು."

ಚಿಂತಾಮಣಿಯ ಲೇತಿನಲ್ಲಿ ಹೊಸದು ಕಡೆಸಿ ತಂದೆ.
ಭಾನುವಾರ ಅದೇ ಏರು, ಅದೇ ಮೂರನೇ ಗೇರು,
ಎರಡು ಸೈಲೆನ್ಸರಿನ ನೀಲಿ ಹೊಗೆ,
ಹಿಂದೆ ಅವಳು.
ಅವರೆಕಾಯಿ ಇಲ್ಲ, ಏನೂ ಇಲ್ಲ.
ನಾನು ಗೆದ್ದವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡೆ.

ದಿಣ್ಣೆ ಹತ್ತುವಷ್ಟರಲ್ಲಿ ಹೆಗಲು ತಟ್ಟಿದಳು.
"ನಿಲ್ಲಿಸು. ಇನ್ನೊಂದು ಕೇಳಿಸ್ತಿದೆ.
ಸಣ್ಣದು. ಅದರಡಿಯಲ್ಲಿ ಮೊದಲಿಂದಲೂ ಇತ್ತು."

ಇಂಜಿನ್ ಆರಿಸಿದೆ.
ಬ್ಲಾಕು ತಣಿಯುತ್ತ ಟಿಣ್ ಅಂತು, ಸ್ವಲ್ಪ ಬಿಟ್ಟು
ಟಿಣ್.
"ಇದಲ್ಲ," ಅಂದಳು,
ಕೈಯೆತ್ತಿ ನನ್ನನ್ನು ಸುಮ್ಮನಿರಿಸಿ.